ದಪ್ಪ ಉಣ್ಣೆ ಪ್ಯಾಂಟಿನ ತೊಡೆಯ ಹತ್ತಿರ ಉಂಡೆ ಏಳುತ್ತಿದೆ, ತಡೆಯುವುದು ಹೇಗೆ?

ಮಂಡಿಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ ಚಂಡೀಗಢಕ್ಕೆ ವರ್ಗವಾಯಿತು. ನಮ್ಮೂರಿನ ಬಿಸಿಲಿಗೆ ಉಣ್ಣೆ ಪ್ಯಾಂಟು ಬೇಕೇ ಇಲ್ಲ. ಅಲ್ಲಿ ಡಿಸೆಂಬರ್, ಜನವರಿಯಲ್ಲಿ ಅದಿಲ್ಲದೆ ಬೆಳಿಗ್ಗೆ ಹೊರಗೆ ಕಾಲಿಡಲು ಆಗುವುದಿಲ್ಲ. ಅದಕ್ಕೇ ಅಲ್ಲಿನ ಅಂಗಡಿಯೊಂದರಲ್ಲಿ ದಪ್ಪ ಉಣ್ಣೆ ಬಟ್ಟೆ ತೆಗೆದುಕೊಂಡೆ. ಬೂದು ಬಣ್ಣ, ಮುಟ್ಟಿದರೆ ಮೆತ್ತಗೆ, ಮೇಲೆ ಸಣ್ಣ ರೋಮ ಇರುವಂಥದ್ದು. ಮೀಟರಿಗೆ 420 ಗ್ರಾಂ ತೂಗುತ್ತದೆ ಎಂದು ಬಟ್ಟೆಯ ಅಂಚಿನ ಚೀಟಿಯಲ್ಲಿತ್ತು. ಅಲ್ಲೇ ಒಬ್ಬರ ಹತ್ತಿರ ಕೋಟು, ಪ್ಯಾಂಟು ಹೊಲಿಸಿದೆ.

ಎರಡೇ ತಿಂಗಳು ಹಾಕಿದ್ದು. ಅಷ್ಟರಲ್ಲೇ ಪ್ಯಾಂಟಿನ ಒಳತೊಡೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಉಂಡೆಗಳು ಎದ್ದವು. ಹಿಂದೆ ಕೂರುವ ಜಾಗದಲ್ಲೂ ಇವೆ. ಕಚೇರಿಯಲ್ಲಿ ಎದ್ದು ನಿಂತರೆ ಕಾಣುತ್ತದೆ. ಸುಮ್ನೆ ಕೂತಾಗ ಕೈಯಲ್ಲಿ ಕಿತ್ತು ಹಾಕುತ್ತಿದ್ದೆ, ಕಿತ್ತಷ್ಟೂ ಜಾಸ್ತಿಯಾಯಿತು.

ಈಗ ದೀಪಾವಳಿ ರಜೆಗೆ ಊರಿಗೆ ಬಂದಿದ್ದೇನೆ. ಬರುವ ಚಳಿಗೆ ಮತ್ತೆ ಇದೇ ಪ್ಯಾಂಟು ಬೇಕು. ಇದನ್ನು ಉಳಿಸಿಕೊಳ್ಳುವ ದಾರಿ ಇದೆಯಾ? ಅಂಗಡಿಯವರು ಬಟ್ಟೆಯಲ್ಲೇ ಮೋಸ ಮಾಡಿದರಾ? ತಿಳಿದವರು ಹೇಳಿ.

ಪಿ.ಜೆ. ಬಡಾವಣೆ ಅಕ್ಕ

ಉಂಡೆ ಕತ್ತರಿಸುವ ಸಣ್ಣ ಮಷೀನು ಬರುತ್ತದೆ ತಮ್ಮಾ, ಬ್ಯಾಟರಿ ಹಾಕುವಂಥದ್ದು. ನಮ್ಮ ಮನೆಯಲ್ಲಿ ಮಕ್ಕಳ ಸ್ವೆಟರಿಗೆ ಅದನ್ನೇ ಬಳಸುತ್ತೇನೆ. ಐದು ನಿಮಿಷದ ಕೆಲಸ. ಹೊಸದರ ಹಾಗೆ ಆಗುತ್ತದೆ.

ಹರಿಹರ ಸೇತುವೆ

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಆಮೇಲೆ ತೊಳೆಯುವಾಗ ಬಟ್ಟೆ ಮೆತ್ತಗಾಗುವ ಕಂಡಿಷನರ್ ಒಂದು ಮುಚ್ಚಳ ಹಾಕಿ. ಉಂಡೆ ಏಳುವುದಿಲ್ಲ ಎಂದು ನನಗೆ ಯಾರೋ ಹೇಳಿದ್ದರು. ನಾನು ಮಾಡಿ ನೋಡಿಲ್ಲ.

ಕೋಟೆ ಊರಿನ ದರ್ಜಿ

ಮಾಡಬೇಡಿ, ಮಾಡಬೇಡಿ. ದಪ್ಪ ಉಣ್ಣೆ ಪ್ಯಾಂಟನ್ನು ಮನೆಯಲ್ಲಿ ತೊಳೆಯಲೇಬೇಡಿ. ಮೊದಲು ನಾನು ಕೇಳುವುದಕ್ಕೆ ಉತ್ತರ ಹೇಳಿ ತಮ್ಮಾ.

ನಾನು ಚಿತ್ರದುರ್ಗದಲ್ಲಿ 31 ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಉಣ್ಣೆ ಸೂಟು ಕಡಿಮೆ. ಆದರೆ ದೆಹಲಿ, ಡೆಹ್ರಾಡೂನ್ ಕಡೆ ಕೆಲಸಕ್ಕೆ ಹೋದ ಹುಡುಗರು ರಜೆಗೆ ಬಂದಾಗ ಪ್ಯಾಂಟು ತಂದು ತೋರಿಸುತ್ತಾರೆ. ಎಲ್ಲರೂ ಬಟ್ಟೆಯನ್ನೇ ಬಯ್ಯುತ್ತಾರೆ. ನಾನು ಮೊದಲು ಕೋಟು ಕೇಳುತ್ತೇನೆ. ಕೋಟು, ಪ್ಯಾಂಟು ಎರಡೂ ಒಂದೇ ತಾನಿನ ಬಟ್ಟೆ ಅಲ್ವಾ? ಬಟ್ಟೆಯೇ ಕೆಟ್ಟದ್ದಾದರೆ ಕೋಟಿನ ಮೇಲೂ ಉಂಡೆ ಏಳಬೇಕು. ಕೋಟು ಚೆನ್ನಾಗಿದ್ದು ಪ್ಯಾಂಟು ಮಾತ್ರ ಕೆಟ್ಟಿದ್ದರೆ, ಎಲ್ಲೋ ಏನೋ ಉಜ್ಜುತ್ತಿದೆ.

ಕೋಟನ್ನು ಹಗಲು ಬೆಳಕಿಗೆ ತೆಗೆದುಕೊಂಡು ಹೋಗಿ ನೋಡಿ. ಎಲ್ಲೆಲ್ಲಿ ಉಂಡೆ ಇದೆ? ಪ್ಯಾಂಟಿನಲ್ಲಿ ಎಡ, ಬಲ ಎರಡೂ ತೊಡೆ ಒಂದೇ ತರಹ ಇದೆಯಾ? ವಾರಕ್ಕೆ ಎಷ್ಟು ದಿನ ಹಾಕುತ್ತಿದ್ದಿರಿ? ಕಚೇರಿಗೆ ಹೇಗೆ ಹೋಗುತ್ತಿದ್ದಿರಿ? ಪ್ಯಾಂಟು ಹಾಕಿ ನಿಂತಾಗ ಅದರ ಸೀಟು, ಅಂದರೆ ಕೂರುವ ಭಾಗ, ಮೈಗೆ ಕೂರುತ್ತದೋ, ಕೆಳಗೆ ಜೋತುಬೀಳುತ್ತದೋ? ಬಟ್ಟೆ ಉಳಿದಿದೆಯಾ?

ಕಡೆಯದನ್ನು ಮರೆಯದೆ ಹೇಳಿ.

ಮಂಡಿಪೇಟೆ ಹುಡುಗ

ದರ್ಜಿ ಅಣ್ಣಾ, ನೀವು ಕೇಳಿದ ಮೇಲೆ ಕೋಟನ್ನು ಮಾಳಿಗೆ ಮೇಲೆ ತೆಗೆದುಕೊಂಡು ಹೋಗಿ ನೋಡಿದೆ. ನಿಮ್ಮ ಮಾತು ನಿಜ. ಬೆನ್ನು, ಎದೆ, ತೋಳು ಎಲ್ಲ ಹೊಸದರ ಹಾಗೇ ಇದೆ. ಒಂದೇ ಜಾಗದಲ್ಲಿ ಉಂಡೆ ಇದೆ, ಬಲ ಸೊಂಟದ ಮೇಲೆ ಅಂಗೈ ಅಗಲ. ನಾನು ಲ್ಯಾಪ್‌ಟಾಪ್ ಚೀಲ ಎಡ ಭುಜದಿಂದ ಅಡ್ಡ ಹಾಕುತ್ತೇನೆ. ಚೀಲ ಬಂದು ಬಡಿಯುವುದು ಅಲ್ಲೇ. ಇದು ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಪ್ಯಾಂಟಿನಲ್ಲಿ ಎರಡೂ ತೊಡೆ ಸಮ. ಹಿಂದುಗಡೆ ಉಂಡೆಗಿಂತ ರೋಮ ಎದ್ದಿರುವುದು ಜಾಸ್ತಿ. ವಾರಕ್ಕೆ ನಾಲ್ಕು ದಿನ, ಕೆಲವು ವಾರ ಐದೂ ದಿನ ಹಾಕಿದ್ದೇನೆ, ಒಂದೇ ಪ್ಯಾಂಟು ಇದ್ದದ್ದು. ಸ್ಕೂಟರ್‌ನಲ್ಲಿ ಹೋಗುತ್ತೇನೆ, ಒಂದು ದಾರಿಗೆ ಇಪ್ಪತ್ತು ನಿಮಿಷ. ಬೇಸಿಗೆಯಲ್ಲಿ ಸೀಟು ಕಾಯುತ್ತದೆ ಎಂದು ಬಲೆಯಂಥ ಒರಟು ಕವರ್ ಹಾಕಿಸಿದ್ದೆ, ಚಳಿಗಾಲದಲ್ಲೂ ಅದು ಹಾಗೇ ಇತ್ತು.

ಸೀಟು ಜೋತುಬೀಳುತ್ತದೆ. ಈಗಿನ ಫ್ಯಾಷನ್ ಎಂದು ಅವರು ಪ್ಯಾಂಟನ್ನು ಸೊಂಟದಿಂದ ಕೆಳಗೆ ಕೂರುವ ಹಾಗೆ ಹೊಲಿದಿದ್ದಾರೆ. ತೊಡೆ ಬಿಗಿ. ಕೂತಾಗ ಎಳೆಯುತ್ತದೆ.

ಬಟ್ಟೆ ಉಳಿದಿದೆ! ಅಮ್ಮ ಬೀರುವಿನಲ್ಲಿ ನುಸಿ ಗುಳಿಗೆ ಹಾಕಿ ಇಟ್ಟಿದ್ದಾರೆ. ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ ಇರಬಹುದು.

ನೂಲುಗಾರ

ನಾನು ದಾವಣಗೆರೆಯ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಟೆಕ್ಸ್‌ಟೈಲ್ ಓದಿದವನು. ಈಗ ಒಂದು ಮಿಲ್ಲಿನ ಪರೀಕ್ಷಾ ವಿಭಾಗದಲ್ಲಿದ್ದೇನೆ. ಉಂಡೆ ಏಳುವುದನ್ನು ದಿನಾ ನೋಡುತ್ತೇನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆ ಅನ್ನುವುದು ಗೊತ್ತಾದರೆ ಏನು ಮಾಡಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ.

ನೂಲು ಎಂದರೆ ಸಾವಿರಾರು ಎಳೆಗಳನ್ನು ಹುರಿ ಮಾಡಿದ್ದು. ಹುರಿ ಬಿಗಿಯಾಗಿದ್ದು ಎಳೆ ಉದ್ದವಾಗಿದ್ದರೆ ಉಜ್ಜಿದರೂ ಎಳೆ ಹೊರಗೆ ಬರುವುದಿಲ್ಲ. ಹುರಿ ಸಡಿಲವಾಗಿದ್ದು ಎಳೆ ಗಿಡ್ಡವಾಗಿದ್ದರೆ ಒಂದು ತುದಿ ಹೊರಗೆ ಬರುತ್ತದೆ. ಹೀಗೆ ಬಂದ ತುದಿಗಳೇ ಗುಂಜು. ಮತ್ತೆ ಉಜ್ಜಿದರೆ ಅಕ್ಕಪಕ್ಕದ ಗುಂಜು ಒಂದಕ್ಕೊಂದು ಸುತ್ತಿಕೊಂಡು ಉಂಡೆ ಆಗುತ್ತದೆ. ಉಂಡೆಯ ಬುಡದಲ್ಲಿ ಕೆಲವು ಎಳೆಗಳು ಇನ್ನೂ ಬಟ್ಟೆಯೊಳಗೇ ಇರುತ್ತವೆ, ಬೇರಿನ ಹಾಗೆ. ನೀವು ಕೈಯಲ್ಲಿ ಕಿತ್ತಾಗ ಆ ಬೇರಿನ ಎಳೆಗಳೂ ಇನ್ನಷ್ಟು ಹೊರಗೆ ಬರುತ್ತವೆ. ಕಿತ್ತಷ್ಟೂ ಜಾಸ್ತಿಯಾಯಿತು ಎಂದಿರಲ್ಲ, ಕಾರಣ ಇದೇ.

ಉಣ್ಣೆ ಸೂಟಿನ ಬಟ್ಟೆಯಲ್ಲಿ ಎರಡು ಜಾತಿ. ವರ್ಸ್ಟೆಡ್ ಎಂಬುದರಲ್ಲಿ ಉಣ್ಣೆಯನ್ನು ಬಾಚಿ, ಗಿಡ್ಡ ಎಳೆ ತೆಗೆದು ಹಾಕಿ, ಉದ್ದ ಎಳೆಗಳನ್ನು ಸಾಲಾಗಿ ಇಟ್ಟು ಬಿಗಿ ಹುರಿ ಮಾಡುತ್ತಾರೆ. ಅದು ನುಣುಪು. ಇನ್ನೊಂದು ವುಲನ್. ಅದರಲ್ಲಿ ಹಿಂಜಿದ ಉಣ್ಣೆಯನ್ನು ಬಾಚದೆ ಹಾಗೇ ನೂಲುತ್ತಾರೆ. ಎಳೆ ಗಿಡ್ಡ, ಅಡ್ಡಾದಿಡ್ಡಿ, ಹುರಿ ಸಡಿಲ. ಹಾಗಾಗಿಯೇ ಅದು ಮೆತ್ತಗೆ, ಬೆಚ್ಚಗೆ. ನಿಮ್ಮದು ಮೇಲೆ ರೋಮ ಇರುವ ಫ್ಲಾನೆಲ್. ನೇಯ್ದ ಮೇಲೆ ಬೇಕೆಂದೇ ರೋಮ ಎಬ್ಬಿಸಿರುತ್ತಾರೆ. ಬೆಚ್ಚಗೆ ಇರುವುದಕ್ಕೂ ಉಂಡೆ ಏಳುವುದಕ್ಕೂ ಕಾರಣ ಒಂದೇ, ಆ ಸಡಿಲ ಎಳೆ. ಮೀಟರಿಗೆ 420 ಗ್ರಾಂ ಇದ್ದರೆ ಗಟ್ಟಿ ಎಂದು ತಿಳಿಯಬೇಡಿ. ತೂಕ ಬೇರೆ, ಹುರಿ ಬೇರೆ.

ಅಂಗಡಿಯಲ್ಲಿ ಸೂಪರ್ 100, ಸೂಪರ್ 120 ಎಂದು ಹೇಳುತ್ತಾರಲ್ಲ, ಅದು ಎಳೆ ಎಷ್ಟು ಸಣ್ಣ ಎಂಬ ಲೆಕ್ಕ ಮಾತ್ರ. ಸೂಪರ್ 100 ಎಂದರೆ ಎಳೆಯ ದಪ್ಪ 18.75 ಮೈಕ್ರಾನ್ ಮೀರಬಾರದು, ಸೂಪರ್ 120 ಎಂದರೆ 17.75, ಸೂಪರ್ 150 ಎಂದರೆ 16.25. ಅಂಕಿ ಮೇಲೆ ಹೋದಷ್ಟೂ ಎಳೆ ಸಣ್ಣ, ಬಟ್ಟೆ ನಾಜೂಕು. ದಿನಾ ಸ್ಕೂಟರ್ ಏರುವವರು ಆ ಅಂಕಿಯ ಹಿಂದೆ ಹೋಗಬಾರದು.

ಇನ್ನು ತೊಡೆಯಲ್ಲೇ ಯಾಕೆ? ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರ ಇರುತ್ತದೆ. ಬಿಸಿ, ತೇವ, ಉಜ್ಜಾಟ ಮೂರೂ ಸೇರಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ಉಣ್ಣೆ ಸ್ವೆಟರನ್ನು ಬಿಸಿನೀರಲ್ಲಿ ತಿಕ್ಕಿದರೆ ಕುಗ್ಗುವುದು ಹೀಗೇ. ಒಳತೊಡೆಯಲ್ಲಿ ಮೈಬಿಸಿ ಇದೆ, ಬೆವರು ಇದೆ, ನಡೆದಾಗ ಉಜ್ಜಾಟ ಇದೆ. ಸಾಲದೆಂದು, ಒದ್ದೆಯಾದಾಗ ಉಣ್ಣೆಯ ಬಲವೂ ಕಡಿಮೆಯಾಗುತ್ತದೆ. ವಾರಕ್ಕೆ ಐದು ದಿನ ಒಂದೇ ಪ್ಯಾಂಟು ಹಾಕಿದರೆ ಆ ಜಾಗ ಪೂರ್ತಿ ಒಣಗುವುದೇ ಇಲ್ಲ.

ಹರಿಹರದವರಿಗೆ ಒಂದು ಮಾತು ಸರ್. ಫ್ರೀಜರ್‌ನಲ್ಲಿ ಇಡುವುದು ಬಟ್ಟೆ ತಿನ್ನುವ ನುಸಿಗೆ ಮಾಡುವ ಉಪಾಯ. ಎಳೆಯ ಹಿಡಿತ ಅದರಿಂದ ಬಿಗಿಯಾಗುವುದಿಲ್ಲ. ಕಂಡಿಷನರ್ ಹಾಕಿದರಂತೂ ಎಳೆ ಜಾರುತ್ತದೆ, ಜಾರಿದ ಎಳೆ ಬೇಗ ಹೊರಗೆ ಬರುತ್ತದೆ. ಉಂಡೆ ಜಾಸ್ತಿಯೇ ಆಗುತ್ತದೆ.

ದುರ್ಗದ ಕರಿಕೋಟು

ನಾನು ವಕೀಲಿ ಮಾಡುವವನು. ನನ್ನ ಕಪ್ಪು ಪ್ಯಾಂಟಿನಲ್ಲೂ ಇದೇ ತೊಂದರೆ. ಉಣ್ಣೆ ಎಂದೇ ಕೊಟ್ಟಿದ್ದರು. ಎರಡು ವರ್ಷವಾಯಿತು, ಉಂಡೆ ಉದುರುವುದೇ ಇಲ್ಲ, ಅಂಟಿಕೊಂಡೇ ಇದೆ. ಕಪ್ಪು ಬಣ್ಣಕ್ಕೆ ಬಿಳಿ ದೂಳು ಬೇರೆ ಹಿಡಿಯುತ್ತದೆ. ಕೂರುವ ಜಾಗ ಮಿರಮಿರ ಹೊಳೆಯುತ್ತದೆ. ಇದೂ ಅದೇ ಕಾಯಿಲೆಯಾ?

ನೂಲುಗಾರ

ಹೊಳಪು ಬೇರೆ ಸರ್. ಅದು ಇಸ್ತ್ರಿ ನೇರವಾಗಿ ಒತ್ತಿ, ಕೂತು ಕೂತು ಎಳೆ ಚಪ್ಪಟೆಯಾಗಿರುವುದು. ಉಂಡೆ ಉದುರುತ್ತಿಲ್ಲ ಎಂದರೆ ನನಗೆ ಪಾಲಿಯೆಸ್ಟರ್ ಬೆರಕೆಯ ಅನುಮಾನ.

ಬರೀ ಉಣ್ಣೆಯಲ್ಲಿ ಉಂಡೆಯ ಬೇರು ದುರ್ಬಲ. ಹಾಕಿ ತೆಗೆದು, ಬ್ರಷ್ ಮಾಡುತ್ತಿದ್ದರೆ ಸ್ವಲ್ಪ ದಿನಕ್ಕೆ ತಾನೇ ಕಳಚಿ ಬೀಳುತ್ತದೆ. ಸಡಿಲ ಎಳೆಗಳು ಮುಗಿದ ಮೇಲೆ ಏಳುವುದೂ ಕಡಿಮೆಯಾಗುತ್ತದೆ. ಪಾಲಿಯೆಸ್ಟರ್ ಎಳೆ ತುಂಬ ಗಟ್ಟಿ. ಉಣ್ಣೆಯ ಗುಂಜು ಬಂದು ಅದಕ್ಕೆ ಸುತ್ತಿಕೊಂಡರೆ ಬೇರು ಕಡಿಯುವುದೇ ಇಲ್ಲ. ಬೆರಕೆ ಬಟ್ಟೆ ಬಾಳಿಕೆಗೆ ಒಳ್ಳೆಯದು ಎನ್ನುತ್ತಾರೆ, ಹರಿಯುವ ಮಟ್ಟಿಗೆ ಅದು ನಿಜ. ಉಂಡೆ ವಿಚಾರದಲ್ಲಿ ತಿರುಗುಮುರುಗು.

ಮನೆಯಲ್ಲೇ ನೋಡಬಹುದು. ಒಳಗಿನ ಮಡಿಕೆಯಿಂದ ಒಂದು ಉದ್ದ ಮತ್ತು ಒಂದು ಅಡ್ಡ ನೂಲು ತೆಗೆಯಿರಿ. ಹಾಸು, ಹೊಕ್ಕು ಎರಡನ್ನೂ ನೋಡಬೇಕು, ಕೆಲವು ಬಟ್ಟೆಯಲ್ಲಿ ಎರಡೂ ಬೇರೆ ಬೇರೆ ಇರುತ್ತವೆ. ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನೀರಿನ ಪಕ್ಕ ನಿಂತು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆಯಾದರೆ ಕೂದಲ ವಾಸನೆಯೂ ಬರುತ್ತದೆ, ಪುಡಿಯಾಗದ ಗಂಟೂ ಉಳಿಯುತ್ತದೆ. ಮಣಿ ಆರುವ ತನಕ ಮುಟ್ಟಬೇಡಿ, ಸುಡುತ್ತದೆ.

ದುರ್ಗದ ಕರಿಕೋಟು

ನೋಡಿದೆ. ಎರಡೂ ನೂಲಿನಲ್ಲಿ ಗಟ್ಟಿ ಗಂಟು ಉಳಿಯಿತು. ಉಣ್ಣೆ ಎಂದು ಹೇಳಿ ಬೆರಕೆ ಕೊಟ್ಟಿದ್ದಾರೆ. ಬೇಜಾರಾಯಿತು, ಆದರೆ ವಿಷಯ ತಿಳಿಯಿತಲ್ಲ. ಧನ್ಯವಾದ.

ಮಂಡಿಪೇಟೆ ಹುಡುಗ

ನಾನೂ ಉಳಿದ ತುಂಡಿನಿಂದ ತೆಗೆದು ನೋಡಿದೆ. ಕೂದಲು ಸುಟ್ಟ ವಾಸನೆ, ಬೂದಿ ಪುಡಿಪುಡಿ. ಉಣ್ಣೆಯೇ. ಅಂಗಡಿಯವರ ಮೇಲೆ ಸುಮ್ನೆ ಅನುಮಾನಪಟ್ಟೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಚಳ್ಳಕೆರೆ ಮಗ್ಗ

ಉಣ್ಣೆ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಕಂಬಳಿ ನೇಯುವ ಮನೆ. ನಮ್ಮಜ್ಜಿ ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದರು, ಅಜ್ಜ ಗುಂಡಿ ಮಗ್ಗದಲ್ಲಿ ನೇಯುತ್ತಿದ್ದರು. ನಮ್ಮ ಕಡೆಯ ಡೆಕ್ಕನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಕುರಿ ಕಾಯುವವರು ಅದೇ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಲ್ಲುತ್ತಾರೆ, ಹಾಸಿಕೊಂಡು ಮಲಗುತ್ತಾರೆ, ಹೊದೆಯುತ್ತಾರೆ. ವರ್ಷಗಟ್ಟಲೆ ನೆಲಕ್ಕೆ ಉಜ್ಜುತ್ತದೆ. ಅದರ ಮೇಲೆ ಇಂಥ ಉಂಡೆ ನಾನು ನೋಡಿದ್ದು ಬಹಳ ಕಡಿಮೆ. ಇಷ್ಟು ದಿನ ಯಾಕೆ ಎಂದು ಯೋಚಿಸಿರಲಿಲ್ಲ.

ನಾವು ನೇಯುವ ಮುಂಚೆ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತೇವೆ. ಬೀಜ ನೆನೆಸಿ, ಅರೆದು, ಕುದಿಸಿ ಮಾಡುತ್ತೇವೆ. ಅದನ್ನು ದೊಡ್ಡ ಕುಂಚದಿಂದ ಎಳೆದು ಎಳೆದು ಹಚ್ಚಿದರೆ ಎದ್ದ ಎಳೆಯೆಲ್ಲ ನೂಲಿಗೆ ಅಂಟಿಕೊಂಡು ಮಲಗುತ್ತದೆ. ಪ್ಯಾಂಟಿನ ಒಳತೊಡೆಗೆ ತೆಳ್ಳಗೆ ಗಂಜಿ ಹಚ್ಚಿದರೆ ಹೇಗೆ? ನೂಲುಗಾರ ಸರ್ ಹೇಳಬೇಕು.

ನೂಲುಗಾರ

ನಿಮ್ಮ ಅಜ್ಜ ಅಜ್ಜಿಯ ಕೆಲಸದಲ್ಲಿ ಉಂಡೆಯ ವಿಚಾರ ಅರ್ಧ ಇದೆ. ಒರಟು ಎಳೆ ದಪ್ಪ, ಬಿರುಸು. ಅದು ಸುಲಭಕ್ಕೆ ಬಾಗಿ ಇನ್ನೊಂದಕ್ಕೆ ಸುತ್ತಿಕೊಳ್ಳುವುದಿಲ್ಲ. ಸುತ್ತಿಕೊಳ್ಳದಿದ್ದರೆ ಉಂಡೆ ಇಲ್ಲ. ಸೂಟಿಗೆ ಬಳಸುವ ಮೆರಿನೋ ಎಳೆ ಅದಕ್ಕಿಂತ ಎಷ್ಟೋ ಸಣ್ಣ, ಮೆತ್ತಗೆ, ಸುಲಭವಾಗಿ ಗಂಟು ಹಾಕಿಕೊಳ್ಳುತ್ತದೆ.

ಗಂಜಿ ಮಾತ್ರ ಪ್ಯಾಂಟಿಗೆ ಬೇಡ. ಮಗ್ಗದ ಮೇಲೆ ಹಾಸಿನ ನೂಲು ಕಡಿಯದೆ ಇರಲು ಅದು ಬೇಕು. ಪ್ಯಾಂಟಿನಲ್ಲಿ ಬೆವರು ಸೇರಿದರೆ ಗಂಜಿ ಮೆತ್ತಗಾಗಿ ಅಂಟಂಟಾಗುತ್ತದೆ, ಒಣಗಿದರೆ ಒರಟಾಗಿ ಇನ್ನೂ ಉಜ್ಜುತ್ತದೆ. ಗಂಜಿಯ ಆಸೆಗೆ ಹುಳವೂ ಬರುತ್ತದೆ.

ಕೋಟೆ ಊರಿನ ದರ್ಜಿ

ಈಗ ನನ್ನ ಸರದಿ. ಎರಡು ದಿನ ಹಬ್ಬದ ಕೆಲಸ ಇತ್ತು, ತಡವಾಯಿತು.

ಮಂಡಿಪೇಟೆ ತಮ್ಮಾ, ನಿಮ್ಮ ಪ್ಯಾಂಟಿನಲ್ಲಿ ಎರಡು ತಪ್ಪಿದೆ, ಎರಡೂ ಕಟಿಂಗಿನದು. ತೊಡೆ ಬಿಗಿ ಇದ್ದರೆ ಬಟ್ಟೆ ಎಳೆದುಕೊಂಡೇ ಇರುತ್ತದೆ. ಎಳೆದ ಬಟ್ಟೆ ಬೇಗ ಸವೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ಸೀಟು ಕೆಳಗೆ ಜೋತುಬಿದ್ದರೆ ಎರಡು ತೊಡೆಯ ನಡುವೆ ಬಟ್ಟೆ ಮಡಿಕೆಯಾಗಿ ನಿಲ್ಲುತ್ತದೆ. ಹೆಜ್ಜೆ ಹೆಜ್ಜೆಗೂ ಬಟ್ಟೆ ಬಟ್ಟೆಗೆ ತಿಕ್ಕುತ್ತದೆ. ಸಡಿಲ ಹೊಲಿದರೆ ಉಜ್ಜುವುದಿಲ್ಲ ಎಂದು ತಿಳಿದು ಸೀಟನ್ನು ಇನ್ನೂ ಇಳಿಸುವವರಿದ್ದಾರೆ. ಅದು ತಿರುಗುಮುರುಗು ಕೆಲಸ. ಸೀಟು ಮೇಲೆ ಬಂದು ಮೈಗೆ ಕೂರಬೇಕು, ತೊಡೆ ಬಿಡುವಾಗಿರಬೇಕು. ಹಳೇ ಕಾಲದವರು ಪ್ಯಾಂಟನ್ನು ಹೊಕ್ಕುಳ ಮಟ್ಟಕ್ಕೆ ಹಾಕುತ್ತಿದ್ದರು. ದಪ್ಪ ಉಣ್ಣೆಗೆ ಇವತ್ತಿಗೂ ಅದೇ ಸರಿ. ಕೆಳಗೆ ಬೇಕಾದರೆ ಬಾಟಮ್ ಚಿಕ್ಕದು ಮಾಡಿಕೊಳ್ಳಿ.

ಕೂತ ಅಳತೆ ಕೊಡದೆ ಯಾವತ್ತೂ ಉಣ್ಣೆ ಪ್ಯಾಂಟು ಹೊಲಿಸಬೇಡಿ. ನಾನು ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ತೊಡೆಯ ಅಳತೆ ಇನ್ನೊಮ್ಮೆ ತೆಗೆಯುತ್ತೇನೆ. ನಿಂತಾಗಿನದಕ್ಕೂ ಕೂತಾಗಿನದಕ್ಕೂ ವ್ಯತ್ಯಾಸ ನೋಡಿ ಅವರೇ ಬೆರಗಾಗುತ್ತಾರೆ.

ನಾಲ್ಕು ಹೊಲಿಗೆ ಕೂಡುವ ಜಾಗ ಇದೆಯಲ್ಲ, ಅಲ್ಲಿ ಒಳಗಡೆ ಅರ್ಧ ಚಂದ್ರದ ಆಕಾರದಲ್ಲಿ ತೆಳು ಹತ್ತಿ ಲೈನಿಂಗ್ ಹಾಕುತ್ತೇನೆ. ಅದು ಬೆವರು ಹೀರುತ್ತದೆ, ಹೊಲಿಗೆಯ ಮೇಲಿನ ಎಳೆತ ತಾನು ತೆಗೆದುಕೊಳ್ಳುತ್ತದೆ. ನಿಜ ಹೇಳಬೇಕು, ಹೊರಗಡೆ ಬಟ್ಟೆ ಬಟ್ಟೆ ಉಜ್ಜುವುದನ್ನು ಅದು ತಡೆಯುವುದಿಲ್ಲ. ಲೈನಿಂಗ್ ಹಾಕಿಸಿದರೆ ಉಂಡೆಯೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಟ್ಟೆ ಒಣಗಿರುತ್ತದೆ, ಅದರಿಂದ ಕಡಿಮೆಯಾಗುತ್ತದೆ, ಅಷ್ಟೇ. ಮಂಡಿಯ ತನಕ ಮುಂದುಗಡೆ ನುಣುಪು ಲೈನಿಂಗ್ ಹಾಕಿದರೆ ಉಣ್ಣೆ ತೊಡೆಗೆ ಹಿಡಿಯದೆ ಜಾರುತ್ತದೆ. ಅದೂ ಒಳ್ಳೆಯದೇ.

ಹಳೇ ಪ್ಯಾಂಟಿನ ಒಳಗೆ ಹೊಲಿಗೆ ಪಕ್ಕದಲ್ಲಿ ಬಟ್ಟೆ ಬಿಟ್ಟಿದ್ದಾರಾ ನೋಡಿ. ಒಂದು ಇಂಚು ಇದ್ದರೂ ತೊಡೆ ಬಿಚ್ಚಬಹುದು. ಉಳಿದ ಬಟ್ಟೆಯಲ್ಲಿ ಎರಡನೇ ಪ್ಯಾಂಟು ಆಗುತ್ತದೆ. ಎರಡು ಪ್ಯಾಂಟು ಇದ್ದರೆ ಒಂದು ದಿನ ಇದು, ಒಂದು ದಿನ ಅದು. ನನ್ನ ಲೆಕ್ಕದಲ್ಲಿ ಉಣ್ಣೆ ಸೂಟಿಗೆ ಎರಡನೇ ಪ್ಯಾಂಟಿನ ಖರ್ಚಿನಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ದಾವಣಗೆರೆಯಿಂದ ದುರ್ಗಕ್ಕೆ ಒಂದು ಗಂಟೆ ದಾರಿ. ಬರುವಾಗ ಹಳೇದನ್ನೂ ಹಿಡಿದು ಬನ್ನಿ.

ಡ್ರೈಕ್ಲೀನ್ ಅಂಗಡಿ

ನಾನು ದಾವಣಗೆರೆಯಲ್ಲಿ ಡ್ರೈಕ್ಲೀನ್ ಮಾಡುವವನು. ನನ್ನ ಹೊಟ್ಟೆಪಾಡಿಗೆ ವಿರುದ್ಧ ಅನಿಸಿದರೂ ಹೇಳುತ್ತೇನೆ, ಉಣ್ಣೆ ಪ್ಯಾಂಟನ್ನು ಪದೇ ಪದೇ ಡ್ರೈಕ್ಲೀನ್‌ಗೆ ಹಾಕಬೇಡಿ. ನಮ್ಮ ಮಷೀನಿನಲ್ಲೂ ಬಟ್ಟೆ ಡ್ರಮ್ಮಿನೊಳಗೆ ಉರುಳುತ್ತದೆ, ಬೇರೆ ಬಟ್ಟೆಗೆ ತಾಗುತ್ತದೆ. ಕಲೆಯಾಗಿದ್ದರೆ ಕೊಡಿ. ಚಳಿಗಾಲ ಮುಗಿದ ಮೇಲೆ ಒಂದು ಸಲ ಕೊಟ್ಟು ಎತ್ತಿಡಿ. ಕೊಳೆಯಾದ ಬಟ್ಟೆಯನ್ನು ಹಾಗೇ ಎತ್ತಿಟ್ಟರೆ ಬೆವರು, ಎಣ್ಣೆಯ ಜಾಗಕ್ಕೇ ನುಸಿ ಹಿಡಿಯುತ್ತದೆ.

ದಿನಾ ಮಾಡಬೇಕಾದ್ದು ಬ್ರಷ್. ಕುದುರೆ ಕೂದಲಿನ ಮೆತ್ತನೆ ಬಟ್ಟೆ ಬ್ರಷ್ ಸಿಗುತ್ತದೆ. ಪ್ಲಾಸ್ಟಿಕ್ ಹಲ್ಲಿನದು ಬೇಡ, ಅದೇ ಎಳೆ ಎಬ್ಬಿಸುತ್ತದೆ. ಮನೆಗೆ ಬಂದ ತಕ್ಷಣ ಜೇಬು ಖಾಲಿ ಮಾಡಿ, ರೋಮ ಮಲಗಿರುವ ಕಡೆಗೇ ಮೇಲಿಂದ ಕೆಳಗೆ ಹಗುರವಾಗಿ ಬ್ರಷ್ ಎಳೆಯಿರಿ. ಒಳತೊಡೆಗೆ ಹತ್ತು ಸಲ ಸಾಕು. ಗುಂಜು ಉಂಡೆ ಆಗುವ ಮುಂಚೆಯೇ ಬಿಡಿಬಿಡಿಯಾಗಿ ಮಲಗುತ್ತದೆ. ಇದರಲ್ಲಿಯೇ ಅರ್ಧ ಗೆಲುವು ಇದೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಆಮೇಲೆ ಬಾಟಮ್ ಕಡೆಯಿಂದ ಕ್ಲಿಪ್ ಹಾಕಿ ತಲೆಕೆಳಗೆ ನೇತುಹಾಕಿ. ತನ್ನ ತೂಕಕ್ಕೆ ತಾನೇ ಸುಕ್ಕು ಬಿಚ್ಚುತ್ತದೆ. ಇಸ್ತ್ರಿ ಬೇಕೇ ಬೇಕಾದರೆ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ ಒತ್ತಿ, ತಿಕ್ಕಬೇಡಿ. ವಕೀಲರ ಪ್ಯಾಂಟಿನ ಹೊಳಪಿಗೂ ಇದೇ ಮದ್ದು, ಒದ್ದೆ ಬಟ್ಟೆಯ ಹಬೆ ಕೊಟ್ಟು ಬ್ರಷ್ ಎಳೆದರೆ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ.

ಪಿ.ಜೆ. ಬಡಾವಣೆ ಅಕ್ಕ

ಹಾಗಾದರೆ ನಾನು ಹೇಳಿದ ಮಷೀನು ತಪ್ಪಾ? ಈಗ ಎದ್ದಿರುವ ಉಂಡೆಯನ್ನು ಹೇಗಾದರೂ ತೆಗೆಯಬೇಕಲ್ಲ.

ನೂಲುಗಾರ

ತಪ್ಪಲ್ಲ ಅಕ್ಕಾ. ಕೀಳುವುದಕ್ಕಿಂತ ಕತ್ತರಿಸುವುದೇ ಸರಿ, ಬೇರಿನ ಎಳೆ ಹೊರಗೆ ಬರುವುದಿಲ್ಲ. ಸ್ವೆಟರಿಗೂ ಪ್ಯಾಂಟಿಗೂ ವ್ಯತ್ಯಾಸ ಇಷ್ಟೇ, ಫ್ಲಾನೆಲ್‌ನಲ್ಲಿ ಮೇಲಿನ ರೋಮವೇ ಬಟ್ಟೆಯ ಅಂದ. ಮಷೀನು ಒತ್ತಿ ಹಿಡಿದರೆ ಆ ರೋಮವೂ ಹೋಗಿ ಕೆಳಗಿನ ನೇಯ್ಗೆ ಕಾಣುತ್ತದೆ, ಬೋಳು ಕಲೆ ಬೀಳುತ್ತದೆ. ಹೊಲಿಗೆಯ ಗುಡ್ಡೆ ಮೇಲೆ ಓಡಿಸಿದರೆ ತೂತೇ ಬೀಳಬಹುದು.

ಪ್ಯಾಂಟನ್ನು ಮೇಜಿನ ಮೇಲೆ ಸಮವಾಗಿ ಹಾಸಿ, ಕೆಳಗೆ ಮಡಿಕೆ ಇರಬಾರದು. ಮಷೀನನ್ನು ತಾಗಿಯೂ ತಾಗದ ಹಾಗೆ ಹಿಡಿಯಿರಿ. ದೊಡ್ಡ ಉಂಡೆ ನಾಲ್ಕೇ ಇದ್ದರೆ ಉಗುರು ಕತ್ತರಿ ಸಾಕು. ಬ್ಲೇಡು ಮಾತ್ರ ಬೇಡ. ತೆಗೆದ ಮೇಲೆ ಹಬೆ, ಬ್ರಷ್. ಪದೇ ಪದೇ ಮಾಡುವ ಕೆಲಸ ಅಲ್ಲ ಇದು, ಪ್ರತಿ ಸಲವೂ ಬಟ್ಟೆ ಸ್ವಲ್ಪ ತೆಳ್ಳಗಾಗುತ್ತದೆ. ಉಜ್ಜುವುದು ನಿಲ್ಲದೆ ಮಷೀನು ಹಿಡಿದರೆ ಕಡೆಗೆ ಬಟ್ಟೆಯೇ ಉಳಿಯುವುದಿಲ್ಲ.

ಹರಿಹರ ಸೇತುವೆ

ಹೊಸದಾಗಿ ಬಟ್ಟೆ ಕೊಳ್ಳುವವರು ಅಂಗಡಿಯಲ್ಲೇ ಪರೀಕ್ಷೆ ಮಾಡುವ ದಾರಿ ಇದೆಯಾ?

ನೂಲುಗಾರ

ನಮ್ಮಲ್ಲಿ ಮಾರ್ಟಿಂಡೇಲ್ ಎಂಬ ಯಂತ್ರ ಇದೆ. ಬಟ್ಟೆಯ ತುಂಡನ್ನು ಇನ್ನೊಂದು ತುಂಡಿನ ಮೇಲೆ ಸಾವಿರಾರು ಸಲ ಉಜ್ಜಿ, 1ರಿಂದ 5ರ ತನಕ ಅಂಕ ಕೊಡುತ್ತೇವೆ. 5 ಎಂದರೆ ಉಂಡೆಯೇ ಇಲ್ಲ, 1 ಎಂದರೆ ತುಂಬಾ. ಅಂಗಡಿಯಲ್ಲಿ ಅದು ಆಗದು. ತಾನಿನ ತುದಿಯಿಂದ ಒಂದು ನೂಲು ಕೇಳಿ ತೆಗೆದುಕೊಳ್ಳಿ. ಹುರಿ ಬಿಚ್ಚಿ ನೋಡಿ. ಮೊದಲು ಎರಡು ನೂಲಾಗಿ ಬಿಚ್ಚಿಕೊಂಡರೆ ಅದು ಎರಡೆಳೆ ಹುರಿ, ಒಳ್ಳೆಯ ಲಕ್ಷಣ. ಸ್ವಲ್ಪ ಬಿಚ್ಚಿ ಎಳೆದ ತಕ್ಷಣ ಹಿಂಜಿದ ಅರಳೆಯ ಹಾಗೆ ಕಳಚಿ ಬಂದರೆ ಎಳೆ ಗಿಡ್ಡ ಎಂದು ಅರ್ಥ. ಬಟ್ಟೆಯ ಒಂದು ಮೂಲೆಯನ್ನು ಅದರ ಮೇಲೇ ಮಡಿಚಿ ಹೆಬ್ಬೆರಳಿಂದ ಐವತ್ತು ಸಲ ಉಜ್ಜಿ ಬೆಳಕಿಗೆ ಹಿಡಿಯಿರಿ, ಗುಂಜು ಎದ್ದಿದ್ದರೆ ಕಾಣುತ್ತದೆ.

ಅಷ್ಟೇ ತೂಕದ ನುಣುಪು ವರ್ಸ್ಟೆಡ್ ಸಿಕ್ಕರೆ ದಿನನಿತ್ಯಕ್ಕೆ ಅದೇ ವಾಸಿ. ಫ್ಲಾನೆಲ್ ನನಗೂ ಬಹಳ ಇಷ್ಟ, ಆದರೆ ಅದು ವಾರಕ್ಕೆ ಎರಡು ದಿನದ ಬಟ್ಟೆ.

ಮಂಡಿಪೇಟೆ ಹುಡುಗ

ಎಲ್ಲರಿಗೂ ಮತ್ತೆ ನಮಸ್ಕಾರ. ಇವತ್ತು ಫೆಬ್ರವರಿ 9. ಇಷ್ಟು ದಿನ ಬೇಕೆಂದೇ ಬರೆಯಲಿಲ್ಲ. ಚಳಿ ಮುಗಿಯಲಿ, ಏನಾಯಿತು ಎಂದು ನೋಡಿ ಹೇಳೋಣ ಎಂದುಕೊಂಡೆ.

ರಜೆ ಮುಗಿಯುವ ಮುಂಚೆ ದುರ್ಗಕ್ಕೆ ಹೋಗಿದ್ದೆ. ದರ್ಜಿ ಅಣ್ಣ ಸ್ಟೂಲಿನ ಮೇಲೆ ಕೂರಿಸಿ ಅಳತೆ ತೆಗೆದರು. ಹಳೇ ಪ್ಯಾಂಟಿನ ತೊಡೆಯನ್ನು ಮುಕ್ಕಾಲು ಇಂಚು ಬಿಚ್ಚಿದರು. ಸೀಟು ಎತ್ತಲು ಅದರಲ್ಲಿ ಬಟ್ಟೆ ಇರಲಿಲ್ಲ. ಉಳಿದ ಬಟ್ಟೆಯಲ್ಲಿ ಹೊಸದು ಹೊಲಿದರು, ಹೊಕ್ಕುಳ ಮಟ್ಟಕ್ಕೆ, ತೊಡೆ ಬಿಡುವಾಗಿ, ಒಳಗೆ ಹತ್ತಿ ಲೈನಿಂಗ್ ಹಾಕಿ. ಮೊದಲ ವಾರ ಅಷ್ಟು ಮೇಲೆ ಕಟ್ಟಿಕೊಳ್ಳುವುದು ವಿಚಿತ್ರ ಅನಿಸಿತು. ಈಗ ಅದೇ ಹಿತ.

ಚಂಡೀಗಢಕ್ಕೆ ಬಂದ ದಿನವೇ ಸ್ಕೂಟರಿನ ಬಲೆ ಕವರ್ ಕಿತ್ತೆ. ಚೀಲವನ್ನು ಕೈಯಲ್ಲಿ ಹಿಡಿಯುತ್ತೇನೆ, ಸ್ಕೂಟರಿನಲ್ಲಿ ಮುಂದೆ ಇಡುತ್ತೇನೆ. ಎರಡು ಪ್ಯಾಂಟನ್ನು ದಿನ ಬಿಟ್ಟು ದಿನ ಹಾಕಿದೆ. ರಾತ್ರಿ ಬ್ರಷ್ ಮಾಡುವುದನ್ನು ಹೆಚ್ಚು ಕಡಿಮೆ ತಪ್ಪಿಸಿಲ್ಲ, ಎರಡು ನಿಮಿಷ ಹಿಡಿಯುತ್ತದೆ.

ಈಗ ಎರಡನ್ನೂ ಕಿಟಕಿ ಹತ್ತಿರ ಹಾಸಿ ನೋಡಿ ಬರೆಯುತ್ತಿದ್ದೇನೆ. ಹೊಸದರ ಒಳತೊಡೆಯಲ್ಲಿ ರೋಮ ಸ್ವಲ್ಪ ಕೆದರಿದೆ, ಉಂಡೆ ಎಂದು ಹೇಳುವಂಥದ್ದು ಮೂರು ನಾಲ್ಕು. ಹಳೆಯದರಲ್ಲಿ ನವೆಂಬರಿನಲ್ಲಿ ಒಮ್ಮೆ ಕತ್ತರಿಸಿದ್ದೆ, ಆಮೇಲೆ ಹೊಸದಾಗಿ ಎದ್ದಿದ್ದು ಹೋದ ವರ್ಷದ ಕಾಲು ಭಾಗವೂ ಇಲ್ಲ. ಆದರೆ ಜೋತುಬೀಳುವ ಸೀಟಿನ ಮಡಿಕೆ ಬರುವ ಕಡೆ ಸಾಲಾಗಿ ಎದ್ದಿದೆ. ದರ್ಜಿ ಅಣ್ಣ ಹೇಳಿದ ಜಾಗದಲ್ಲೇ! ಒಂದೇ ಬಟ್ಟೆ, ಒಂದೇ ಸ್ಕೂಟರು, ಹಾಕಿದವನೂ ನಾನೇ. ಕಟಿಂಗ್ ಒಂದೇ ಬೇರೆ. ಹಿಂದೆ ಕೂರುವ ಜಾಗ ಎರಡರಲ್ಲೂ ಚೆನ್ನಾಗಿದೆ. ಕವರ್ ಕಿತ್ತಿದ್ದಕ್ಕೆ ಇರಬೇಕು. ಕೋಟಿನ ಸೊಂಟದಲ್ಲಿ ಹೊಸ ಉಂಡೆ ಒಂದೂ ಇಲ್ಲ.

ಅಣ್ಣಾ, ಹಳೆಯದರ ಸೀಟಿಗೆ ಏನಾದರೂ ಮಾಡಲು ಆಗುತ್ತದಾ? ಯುಗಾದಿಗೆ ಬರುತ್ತೇನೆ.

ಕೋಟೆ ಊರಿನ ದರ್ಜಿ

ಆಗುತ್ತದೆ ತಮ್ಮಾ. ಸೊಂಟದ ಪಟ್ಟಿ ಬಿಚ್ಚಿ, ಬಾಟಮ್ ಮಡಿಕೆಯಲ್ಲಿ ಬಿಟ್ಟಿರುವ ಬಟ್ಟೆ ತೆಗೆದು ಪಟ್ಟಿ ಅಗಲ ಮಾಡಿದರೆ ಅರ್ಧ ಇಂಚು ಮೇಲೆ ಬರುತ್ತದೆ. ಅಷ್ಟಕ್ಕೇ ಮಡಿಕೆ ಕಡಿಮೆಯಾಗುತ್ತದೆ. ಡ್ರೈಕ್ಲೀನ್‌ಗೆ ಈಗಲೇ ಹಾಕಬೇಡಿ, ಹಾಕಿ ಬಿಟ್ಟಿದ್ದು ಹಾಗೇ ತನ್ನಿ. ಎಲ್ಲಿ ಉಜ್ಜಿದೆ ಎಂಬುದು ತೊಳೆದ ಬಟ್ಟೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ಹೊಸದನ್ನೂ ತನ್ನಿ, ನಾನು ಒಂದು ಸಲ ನೋಡಬೇಕು.